ಹಾಸಿಗೆಯ ಕೆಳಗಿನ ಎಂಜಿನ್

"ಎಣ್ಣೆ ಬದಲಾಯಿಸಿ, ಬೆಲ್ಟ್ ಬದಲಾಯಿಸಿ, ಬೇಕಿದ್ರೆ ಇಡೀ ಎಂಜಿನ್ನೇ ಕಿತ್ತು ಬೇರೆ ಕೂರಿಸಿ. ಈ ಡಬ್ಬ ಒಂದನ್ನ ಮಾತ್ರ ಬಿಚ್ಚಬೇಡಿ ಅಮ್ಮಾ," ಎಂದ ಗಾಡಿಯ ಹಳೆಯ ಯಜಮಾನ.

ಅವನು ಮಂಚದ ಹಲಗೆಯನ್ನು ಎತ್ತಿ ಹಿಡಿದು ನಿಂತಿದ್ದ. ಮನೆಯಂತೆ ಅಡುಗೆಕಟ್ಟೆ, ಬಚ್ಚಲು, ಮಲಗುವ ಕೋಣೆ ಎಲ್ಲವೂ ಇದ್ದ ಆ ಉದ್ದನೆಯ ಗಾಡಿಗೆ ಎಂಜಿನ್ ಇದ್ದದ್ದು ಹಿಂಭಾಗದಲ್ಲಿ, ಮಲಗುವ ಮಂಚದ ಕೆಳಗೆ. ಬಾವಿಯ ತಳದ ಆಮೆಯಂತೆ ಅದು ಕಪ್ಪಗೆ ಕೂತಿತ್ತು. ಅದರ ಮಗ್ಗುಲಲ್ಲಿ ಹಾಲಿನ ಕ್ಯಾನಿನಷ್ಟು ದಪ್ಪದ ಏರ್ ಫಿಲ್ಟರ್ ಡಬ್ಬ. ಡಬ್ಬದ ಮುಚ್ಚಳಕ್ಕೆ ತಾಮ್ರದ ತಂತಿ ಸುತ್ತಿ ಸುತ್ತಿ ಬಿಗಿದು, ಗಂಟಿನ ಮೇಲೆ ಕರಿಯ ಅರಗು ಕರಗಿಸಿ ಹೊಯ್ದಿದ್ದರು. ಒಳಗಿನಿಂದ ಸುಟ್ಟೆಣ್ಣೆಯ ವಾಸನೆ ಏಳುತ್ತಿತ್ತು. ಆ ವಾಸನೆಯ ಅಡಿಯಲ್ಲಿ ಇನ್ನೊಂದು ವಾಸನೆ. ಬಹಳ ಕಾಲ ಮುಚ್ಚಿಟ್ಟ ಕೋಣೆಯೊಳಗೆ ಯಾರೋ ಈಗಷ್ಟೇ ಉಸಿರು ಬಿಟ್ಟಂಥದ್ದು.

ತಂಗಿಯ ಜೊತೆ ಗಾಡಿ ಕೊಳ್ಳಲು ಬಂದಿದ್ದ ಅಕ್ಕ ಬಗ್ಗಿ ನೋಡಿದಳು. ಅವಳು ಲಿಫ್ಟ್ ರಿಪೇರಿ ಮಾಡುವವಳು. ಎತ್ತರದ ಕಟ್ಟಡಗಳ ಕತ್ತಲ ಹೊಂಡಗಳಲ್ಲಿ ಹಗ್ಗಕ್ಕೆ ಜೋತುಬಿದ್ದು ವರ್ಷಗಟ್ಟಲೆ ದುಡಿದಿದ್ದ ಅವಳೊಳಗೆ ಭಯವೆಂಬುದು ಸವೆದುಹೋದ ಹಲ್ಲುಚಕ್ರ. ತಿರುಗಿದರೂ ಏನನ್ನೂ ಕಚ್ಚುತ್ತಿರಲಿಲ್ಲ.

"ಫಿಲ್ಟರ್ ಬಿಚ್ಚದೆ ಡೀಸೆಲ್ ಗಾಡಿ ಓಡಿಸೋದು ಅಂದ್ರೆ ಮೂಗು ಮುಚ್ಕೊಂಡು ಮೆಟ್ಟಿಲು ಹತ್ತಿದ ಹಾಗೆ ಯಜಮಾನ್ರೇ. ಯಾಕೆ, ಒಳಗೆ ನಿಧಿ ಇಟ್ಟಿದ್ದೀರಾ?"

ಅವನು ನಗಲಿಲ್ಲ. ದನಿ ತಗ್ಗಿಸಿದ.

"ಮಾಟ ಅಮ್ಮಾ. ನನ್ನ ಜೊತೆ ಪಾಲಿಗೆ ಈ ಗಾಡಿ ತಗೊಂಡವನು ಜಗಳ ಆಡ್ಕೊಂಡು ಹೋಗಿ ಮಾಡಿಸಿದ್ದು. ಎಂಜಿನ್ ಓಡ್ತಿರುವಾಗ ಈ ಮಂಚದ ಮೇಲೆ ಯಾರು ನಿದ್ದೆ ಹೋಗ್ತಾರೋ ಅವರ ಉಸಿರನ್ನ ಎಂಜಿನ್ ಹಿಡ್ಕೊಳ್ಳುತ್ತೆ. ಆಮೇಲೆ ಎಂಜಿನ್ ನಿಂತ್ರೆ ಉಸಿರೂ ನಿಲ್ಲುತ್ತೆ. ನನ್ನ ಹೆಂಡತಿ ಹಾಗೇ ಹೋದ್ಳು. ತಿಳಿದವರೊಬ್ಬರು ಬಂದು ಅದನ್ನ ಈ ಡಬ್ಬದೊಳಗೆ ಕಟ್ಟಿಹಾಕಿದ್ರು. ತೆಗೆಯೋಕೆ ಆಗಲ್ಲ, ಕಟ್ಟೋಕಷ್ಟೇ ಆಗೋದು ಅಂದ್ರು."

"ಮತ್ತೆ ಮಾರ್ತಿದ್ದೀರಲ್ಲ?"

"ಮನೆ ಮುಂದೆ ಇದು ನಿಂತಿದ್ರೆ ನಂಗೆ ನಿದ್ದೆ ಬರಲ್ಲ."

"ಓಹೋ. ಗಾಡಿ ನಮಗೆ, ನಿದ್ದೆ ನಿಮಗೆ!" ಎಂದು ಅಕ್ಕ ಗಟ್ಟಿಯಾಗಿ ನಕ್ಕಳು. ಆ ನಗು ತಗಡಿನ ಗೋಡೆಗಳಿಗೆ ಬಡಿದು ಗಾಡಿಯೊಳಗೆಲ್ಲ ಸುತ್ತಿ, ಎಂಜಿನ್ನಿನ ಬಾವಿಗೆ ಬಿದ್ದು ಅಲ್ಲೇ ಉಳಿಯಿತು.

ತಂಗಿ ಅವಳ ರಟ್ಟೆ ಚಿವುಟಿದಳು. ಮನೆಯಲ್ಲಿ ಈ ತಂಗಿಯನ್ನು ಕರೆಯುತ್ತಿದ್ದದ್ದು ಗುಬ್ಬಿ ಎಂದೇ. ಕೃಶ ದೇಹ, ನಿಲ್ಲದ ಬಾಯಿ. "ಅಕ್ಕಾ, ಬೇಡ ಕಣೇ. ಬೇರೆ ಗಾಡಿ ನೋಡೋಣ."

"ಬೇರೆ ಗಾಡೀಲಿ ದೆವ್ವ ಇರಲ್ಲ. ಬೆಲೆ ಇರುತ್ತೆ," ಎಂದು ಅಕ್ಕ ಕೀಲಿಗೆ ಕೈ ಚಾಚಿದಳು.

ಅಪ್ಪ ಅಮ್ಮ ಇಬ್ಬರೂ ಬೇಗ ಹೋದ ಮೇಲೆ ಅಕ್ಕನೇ ಗುಬ್ಬಿಯನ್ನು ಸಾಕಿದ್ದಳು. ಬಾಡಿಗೆ ಕೋಣೆಯಿಂದ ಬಾಡಿಗೆ ಕೋಣೆಗೆ ಪಾತ್ರೆಮೂಟೆ ಹೊತ್ತು ಅಲೆಯುವಾಗ, ಅಳುವ ಹುಡುಗಿಗೆ ಅವಳು ಒಂದು ಮಾತು ಕೊಟ್ಟಿದ್ದಳು: ಒಂದು ದಿನ ಮನೆಯೇ ನಮ್ಮ ಜೊತೆ ನಡೆದು ಬರುತ್ತೆ ನೋಡು. ಗುಬ್ಬಿ ಈಗ ಹೊಲಿಗೆ ಅಂಗಡಿಯಲ್ಲಿ ಬೇರೆಯವರ ಅಳತೆಗೆ ಬಟ್ಟೆ ಹೊಲಿದು ಸುಸ್ತಾದ ದೊಡ್ಡ ಹುಡುಗಿ. ಆದರೂ ಆ ಮಾತನ್ನು ಇಬ್ಬರೂ ಮರೆತಿರಲಿಲ್ಲ.

ಮನೆಗಾಡಿಯನ್ನು ಕಲಿಯುವುದು ಹೊಸ ಸೊಸೆ ಅತ್ತೆಮನೆಯ ಅಡುಗೆಕೋಣೆ ಕಲಿತಂತೆ. ಯಾವುದು ಎಲ್ಲಿದೆ ಎಂದು ಯಾರೂ ಹೇಳುವುದಿಲ್ಲ, ತಪ್ಪಿದರೆ ಎಲ್ಲರಿಗೂ ಕೇಳಿಸುತ್ತದೆ. ಕೀಲಿಯನ್ನು ಅರ್ಧ ತಿರುಗಿಸಿದರೆ ಹಳದಿ ದೀಪವೊಂದು ಹೊತ್ತುತ್ತಿತ್ತು. ಒಳಗಿನ ಹೀಟರ್ ಕಾದು ಆ ದೀಪ ತಾನಾಗಿ ಆರಿದ ಮೇಲೆಯೇ ಪೂರ್ತಿ ತಿರುಗಿಸಬೇಕು. ಅವಸರಪಟ್ಟರೆ ತಣ್ಣನೆಯ ಎಂಜಿನ್ ಕೆಮ್ಮಿ ಸುಮ್ಮನಾಗುತ್ತಿತ್ತು. ಡೀಸೆಲ್ ಫಿಲ್ಟರಿನ ತಳದ ತಿರುಪು ಸಡಿಲಿಸಿ ನೀರು ಇಳಿಸಬೇಕು. ಮನೆಯ ದೀಪಗಳಿಗೆ ಒಂದು ಬ್ಯಾಟರಿ, ಎಂಜಿನ್ನಿಗೆ ಇನ್ನೊಂದು, ಎರಡನ್ನೂ ಬೆರೆಸಬಾರದು. ತಿರುವಿನಲ್ಲಿ ಮೂತಿ ಒಂದು ಕಡೆ ಹೋದರೆ ಹಿಂಭಾಗ ಇನ್ನೊಂದು ಕಡೆ ಬೀಸುತ್ತದೆ. ಇದನ್ನು ಅಕ್ಕ ಕಲಿತದ್ದು ಒಂದು ಕಾಂಪೌಂಡ್ ಗೋಡೆಯ ಖರ್ಚಿನಲ್ಲಿ.

"ಗೋಡೆ ಸುಮ್ನೆ ನಿಂತಿತ್ತು ಅಕ್ಕ, ಪಾಪ," ಎಂದಳು ಗುಬ್ಬಿ.

"ನೀನೂ ಸುಮ್ನೆ ಕೂತಿರು. ಬಾ, ಓಡಿಸೋದು ನೀನೂ ಕಲಿ."

"ನಾನು ಪರದೆ ಹೊಲೀತೀನಿ. ಆ ಕೀಲಿ ಮುಟ್ಟೋ ಸಹವಾಸ ನಂಗೆ ಬೇಡ."

ಗಾಡಿ ನಿಲ್ಲಿಸಿದ್ದ ಮೈದಾನದಲ್ಲಿ ಮುದುಕ ಲಾರಿ ಡ್ರೈವರ್ ಒಬ್ಬನಿದ್ದ. ಅವನೇ ಅಕ್ಕನಿಗೆ ಹೊಗೆ ಓದುವುದನ್ನು ಹೇಳಿಕೊಟ್ಟ. ಬಿಳಿ ಹೊಗೆ ಬಂದರೆ ನೀರು ಸೇರಿದೆ. ನೀಲಿ ಬಂದರೆ ಎಂಜಿನ್ ತನ್ನ ಎಣ್ಣೆಯನ್ನು ತಾನೇ ಕುಡಿಯುತ್ತಿದೆ. ಕಪ್ಪು ಬಂದರೆ ಉಸಿರು ಸಾಲುತ್ತಿಲ್ಲ. "ನಿನ್ನ ಗಾಡಿ ಕಪ್ಪು ಬಿಡ್ತಿದೆ ತಾಯಿ. ಫಿಲ್ಟರ್ ನೋಡು," ಎಂದವನು, ಮಂಚದ ಹಲಗೆ ಎತ್ತಿ ಅರಗಿನ ಗಂಟನ್ನು ಕಂಡೊಡನೆ ಕೈ ಒರೆಸಿಕೊಂಡು ಕೆಳಗಿಳಿದುಬಿಟ್ಟ. ಆ ದಿನದಿಂದ ಫೋನಿನಲ್ಲಷ್ಟೇ ಮಾತಾಡಿದ.

ಬೆಟ್ಟದ ರಸ್ತೆ ಏರುವಾಗ ಗಾಡಿ ತನ್ನ ರೋಗವನ್ನು ಪೂರ್ತಿ ತೋರಿಸಿತು. ಅಕ್ಕ ಎಷ್ಟು ಒತ್ತಿದರೂ ಮುಂದಕ್ಕೆ ಬಲವಿಲ್ಲ. ಕನ್ನಡಿಯಲ್ಲಿ ರಸ್ತೆಯೇ ಕಾಣದಷ್ಟು ಕರಿಹೊಗೆ. ಹಿಂದೆ ಬರುತ್ತಿದ್ದ ಬಸ್ಸು ಹಾರ್ನ್ ಹೊಡೆದು ಹೊಡೆದು, ಕೊನೆಗೆ ಪಕ್ಕಕ್ಕೆ ಬಂದಾಗ ಅದರ ಡ್ರೈವರು ಕೈ ಬೀಸಿ ಏನೋ ಅಂದ. ಒಳ್ಳೆಯ ಮಾತಂತೂ ಅಲ್ಲ. ತಿರುವಿನಲ್ಲಿ ಒಂದಿಷ್ಟು ಬಯಲು ಜಾಗ ಸಿಕ್ಕಿತು. ಅಲ್ಲಿ ನಿಲ್ಲಿಸುವಷ್ಟರಲ್ಲಿ ಕಣಿವೆಯಿಂದ ಮಂಜು ಎದ್ದು ಬಂದು ಕಿಟಕಿಗಳಿಗೆ ಒದ್ದೆ ಬಟ್ಟೆ ಹೊದಿಸಿತು. ಹಾಡುಹಗಲೇ ಗಾಡಿಯೊಳಗೆ ಕತ್ತಲಾಯಿತು.

"ಗುಬ್ಬಿ, ಟಾರ್ಚ್ ಹಿಡಿ. ಇದಕ್ಕೆ ಮೂಗು ಕಟ್ಟಿದೆ. ಬಿಡಿಸ್ತೀನಿ."

"ಅದೊಂದು ಬೇಡ ಅಕ್ಕ. ನಿನ್ನ ಕಾಲು ಹಿಡ್ಕೊಳ್ತೀನಿ."

"ಕಾಲು ಬೇಡ. ಟಾರ್ಚ್ ಹಿಡಿ ಅಂದೆ."

ಕೊಂಡ ಹಳೆಯ ಯಂತ್ರವನ್ನು ಮೊದಲು ಬಿಚ್ಚಿ, ತೊಳೆದು, ಸವೆದದ್ದನ್ನು ಬದಲಾಯಿಸಿ, ಆಮೇಲೆ ನಂಬಬೇಕು. ಲಿಫ್ಟಿನ ಕೆಲಸ ಅಕ್ಕನಿಗೆ ಕಲಿಸಿದ್ದ ಮೊದಲ ಪಾಠ ಅದು. ಬಿಚ್ಚದೆ ಬಿಟ್ಟ ಒಂದು ಡಬ್ಬ ಅವಳ ಕಣ್ಣಿಗೆ ಬಿದ್ದ ಕಸದಂತೆ ಇಷ್ಟು ದಿನ ಉಜ್ಜುತ್ತಲೇ ಇತ್ತು. ಅವಳು ಇಕ್ಕಳದಿಂದ ತಂತಿಯನ್ನು ಕತ್ತರಿಸಿದಳು. ಅರಗು ಒಣಗಿದ ಗಾಯದ ಹೊಪ್ಪಳೆಯಂತೆ ಉದುರಿತು. ಮುಚ್ಚಳ ಕಚ್ಚಿಕೊಂಡಿತ್ತು. ಆಮೇಲೆ ತಾನಾಗಿ ಬಿಟ್ಟುಕೊಟ್ಟಿತು.

ಕಾಗದದ ಫಿಲ್ಟರಿನ ನಡುವಿನ ಟೊಳ್ಳಿನಲ್ಲಿ ಕರಿಬಟ್ಟೆಯ ಒಂದು ಗಂಟು. ಎಳೆಗೂಸಿನ ಮುಷ್ಟಿಯಷ್ಟಿತ್ತು. ಅದಕ್ಕೆ ಸುತ್ತಿದ್ದದ್ದು ದಾರವಲ್ಲ, ಉದ್ದನೆಯ ಕೂದಲು. ಕೂದಲಿನ ನಡುವೆ ತುಕ್ಕು ಹಿಡಿದ ಮೊಳೆಗಳು. ಎಂಜಿನ್ ನಿಂತು ಅಷ್ಟು ಹೊತ್ತಾಗಿದ್ದರೂ ಗಂಟು ಬೆಚ್ಚಗಿತ್ತು.

"ನೋಡು ನಿನ್ನ ದೆವ್ವ. ಬಟ್ಟೆಚೂರು! ಇದನ್ನ ಗಂಟಲಲ್ಲಿ ಇಟ್ಕೊಂಡ್ರೆ ಯಾವ ಎಂಜಿನ್ ತಾನೇ ಬೆಟ್ಟ ಹತ್ತುತ್ತೆ?"

ಗುಬ್ಬಿ ಟಾರ್ಚಿನ ಬೆಳಕನ್ನು ಗಂಟಿನಿಂದ ಆಚೆ ಸರಿಸಿದಳು. "ವಾಪಸ್ ಇಟ್ಬಿಡು ಅಕ್ಕ. ಹಾಗೇ ಇಟ್ಟು ಕಟ್ಬಿಡು."

ಆ ಹೆದರಿಕೆ ಕಂಡು ಅಕ್ಕನಿಗೆ ಛಲ ಹುಟ್ಟಿತು. ಇವಳ ತಲೆಯಿಂದ ಈ ಹುಚ್ಚು ಈಗಲೇ ಇಳಿಯಬೇಕು. ಬಾಗಿಲ ಮೆಟ್ಟಿಲಿಗೆ ಬಂದು, ಗುಬ್ಬಿಯ ಕಣ್ಣೆದುರೇ ಕೂದಲಿನ ಗಂಟಿಗೆ ಇಕ್ಕಳ ಹಾಕಿ ಕಟ್ ಎಂದು ಕತ್ತರಿಸಿದಳು. ಒಳಗೆ ಒಂದು ಹಿಡಿ ಬೂದಿ, ಅಷ್ಟೆ. ಬಟ್ಟೆಯನ್ನು ಕೊಡವಿ ಕಣಿವೆಗೆ ಎಸೆದಳು. ಗಾಳಿ ಕಣಿವೆಯ ಕಡೆಗೆ ಬೀಸುತ್ತಿತ್ತು. ಬೂದಿ ಮಾತ್ರ ಗಾಳಿಗೆ ಎದುರಾಗಿ, ಅವಳ ಕಿವಿಯ ಪಕ್ಕದಿಂದ, ಗಾಡಿಯೊಳಕ್ಕೆ ಹೋಯಿತು. ಅಕ್ಕ ಅದನ್ನು ನೋಡಿದಳು. ನೋಡಲಿಲ್ಲ ಎಂದುಕೊಂಡಳು.

ಫಿಲ್ಟರನ್ನು ಬಡಿದು ಧೂಳು ಕೊಡವಿ, ಮುಚ್ಚಿ, ಕೀಲಿ ತಿರುಗಿಸಿದರೆ ಎಂಜಿನ್ನಿಗೆ ಬೇರೆಯದೇ ದನಿ ಬಂದಿತ್ತು. ದುಂಡಗೆ, ತುಂಬಿದ ದನಿ. ವರ್ಷಾನುಗಟ್ಟಲೆ ಮುಳುಗಿದ್ದವರು ನೀರಿನ ಮೇಲೆ ಬಂದು ಎಳೆದುಕೊಳ್ಳುವ ಮೊದಲ ಉಸಿರಿನಂತೆ. ಹೊಗೆಯೇ ಇಲ್ಲ.

"ಈಗೇನಂತೀಯ?"

"ಏನನ್ನಲಿ. ಗೆದ್ದೆ ತಗೋ. ತಲೆ ಸಿಡೀತಿದೆ, ಸ್ವಲ್ಪ ಮಲಗ್ತೀನಿ."

"ಮಲ್ಕೋ. ದೆವ್ವ ಬಂದ್ರೆ ಸ್ವಲ್ಪ ಜರುಗಿ ಜಾಗ ಕೊಡು."

ಗಾಡಿ ಹೂವಿನ ಹಾಗೆ ಬೆಟ್ಟ ಹತ್ತಿ ಇಳಿಯಿತು. ಅಕ್ಕ ಹಾಡು ಗುನುಗಿಕೊಂಡು ಓಡಿಸಿದಳು. ಹಿಂದೆ, ಎಂಜಿನ್ನಿನ ಮೇಲಿನ ಹಾಸಿಗೆಯಲ್ಲಿ, ಗುಬ್ಬಿ ನಿದ್ದೆಹೋದಳು.

ಬೆಟ್ಟದ ಬುಡದ ಸಣ್ಣ ಊರಿನ ಹೊರಗೆ, ಖಾಲಿ ಸಂತೆಕಟ್ಟೆಯ ಪಕ್ಕ ಗಾಡಿ ನಿಂತಾಗ ಸಂಜೆಯ ಬಿಸಿಲಿತ್ತು. ಗುಬ್ಬಿ ಎದ್ದು, ಕೂದಲು ಗಂಟು ಹಾಕಿಕೊಳ್ಳುತ್ತ ಮುಂದೆ ಬಂದಳು. ಅವಳ ಬಾಯಿ ಆಗಲೇ ಶುರುವಾಗಿತ್ತು. "ಅಕ್ಕಾ, ಎಂಥಾ ಕನಸು ಗೊತ್ತಾ? ಯಾರೋ ಹೆಂಗಸು ನನ್ನ ಪಕ್ಕ ಮಲಗಿ, ಸದ್ಯ ನೀನು ಬಂದ್ಯಲ್ಲ ಅಂತ..."

ಅಕ್ಕ ಕೀಲಿ ತಿರುಗಿಸಿದಳು. ಎಂಜಿನ್ ನಿಂತಿತು.

ಮಾತು ಕತ್ತರಿಸಿದ ದಾರದಂತೆ ನಿಂತಿತು. ಗುಬ್ಬಿಯ ಬಾಯಿ ತೆರೆದೇ ಇತ್ತು. ಕೈ ಕೂದಲಲ್ಲೇ ಇತ್ತು. ಕಣ್ಣು ಮಾತ್ರ ದೊಡ್ಡದಾಗುತ್ತ ಹೋಯಿತು. ಅವಳು ಎದೆಗೆ ಕೈ ಒಯ್ದಳು. ಕುಸಿದಳು.

"ಗುಬ್ಬೀ! ತಮಾಷೆ ಸಾಕು. ಏಳು."

ಏಳಲಿಲ್ಲ. ಎದೆ ಏರಲಿಲ್ಲ, ಇಳಿಯಲಿಲ್ಲ. ಅಕ್ಕ ಅವಳ ಮೂಗು ಹಿಡಿದು ಬಾಯಿಗೆ ಬಾಯಿ ಇಟ್ಟು ಊದಿದಳು. ಗೋಡೆಗೆ ಊದಿದಂತಾಯಿತು. ಅವಳ ಉಸಿರು ಅವಳ ಬಾಯಿಗೇ ಹಿಂತಿರುಗಿತು, ಸುಟ್ಟೆಣ್ಣೆಯ ರುಚಿಯೊಂದಿಗೆ. ತುಟಿ ನೀಲಿಯಾಯಿತು. ಉಗುರು ನೀಲಿಯಾಯಿತು. ಆಸ್ಪತ್ರೆ. ಊರೊಳಗೆ ಆಸ್ಪತ್ರೆ ಇರಬೇಕು. ಅವಳು ಸೀಟಿಗೆ ಹಾರಿದಳು. ಕೀಲಿ ಅರ್ಧ ತಿರುಗಿಸಿದಳು. ಹಳದಿ ದೀಪ ಹೊತ್ತಿತು. ಕಲಿತ ಕೈ ಅಲ್ಲೇ ನಿಂತಿತು, ದೀಪ ಆರಲೆಂದು. ಬೆನ್ನ ಹಿಂದೆ ತಂಗಿ ಸಾಯುತ್ತಿದ್ದಳು. ಕೈ ದೀಪ ಕಾಯುತ್ತಿತ್ತು. ತನ್ನ ಕೈಯನ್ನೇ ಬೈದು ಅಕ್ಕ ಪೂರ್ತಿ ತಿರುಗಿಸಿದಳು. ಎಂಜಿನ್ ಹತ್ತಿಕೊಂಡಿತು.

ಆ ಕ್ಷಣವೇ ಹಿಂದಿನಿಂದ ಉದ್ದನೆಯ, ಹರಿದ ಒಂದು ಉಸಿರು ಕೇಳಿಸಿತು.

ಸಣ್ಣ ಆಸ್ಪತ್ರೆ. ಹಸಿರು ಬಣ್ಣದ ಗೋಡೆ, ಫಿನೈಲಿನ ವಾಸನೆ. ಡಾಕ್ಟರಮ್ಮ ಗುಬ್ಬಿಯ ಬೆನ್ನಿಗೆ, ಎದೆಗೆ ಸ್ಟೆತಸ್ಕೋಪ್ ಇಟ್ಟು ನೋಡಿದರು. "ಎಲ್ಲಾ ಸರಿಯಾಗಿದೆಯಲ್ಲ. ಗಾಬರಿಗೆ ಒಮ್ಮೊಮ್ಮೆ ಹೀಗಾಗುತ್ತೆ," ಎಂದವರು ಕಿಟಕಿಯ ಕಡೆ ಮುಖ ಸಿಂಡರಿಸಿದರು. ಅವಸರದಲ್ಲಿ ಅಕ್ಕ ಗಾಡಿಯನ್ನು ಚಾಲೂ ಇಟ್ಟೇ ಬಂದಿದ್ದಳು. "ಯಾರದಮ್ಮಾ ಆ ಗಾಡಿ? ಡೀಸೆಲ್ ವಾಸನೆಯೆಲ್ಲ ವಾರ್ಡಿಗೆ ಬರ್ತಿದೆ. ವಾಚ್‌ಮನ್, ಆಫ್ ಮಾಡಪ್ಪಾ ಅದನ್ನ!"

ಕಿಟಕಿಯಾಚೆ ವಾಚ್‌ಮನ್ ಗಾಡಿ ಹತ್ತುವುದು ಕಾಣುತ್ತಿತ್ತು. ಬೇಡ ಎಂಬ ಕೂಗು ಅಕ್ಕನ ಗಂಟಲಿಗೆ ಬಂತು. ಕೂಗಲಿಲ್ಲ. ಕೂಗಿದರೆ ಅದನ್ನು ನಂಬಿದಂತೆ.

ಎಂಜಿನ್ ನಿಂತಿತು.

ಗುಬ್ಬಿ ಹಾಸಿಗೆಯ ಅಂಚನ್ನು ಹಿಡಿದುಕೊಂಡಳು. ಅಕ್ಕನನ್ನೇ ನೋಡುತ್ತ ಹಿಂದಕ್ಕೆ ಬಿದ್ದಳು. ಡಾಕ್ಟರಮ್ಮ ಓಡಿ ಬಂದರು. ಮೂಗು ಬಾಯಿಗೆ ಮಾಸ್ಕ್ ಒತ್ತಿ ರಬ್ಬರ್ ಚೀಲ ಹಿಚುಕಿದರು. ಚೀಲ ಕುಗ್ಗಲಿಲ್ಲ. ಮತ್ತೆ ಹಿಚುಕಿದರು. "ಒಳಗೆ ಹೋಗ್ತಾನೇ ಇಲ್ಲ. ಗಾಳಿ ಹೋಗ್ತಾನೇ ಇಲ್ಲ!" ಅಕ್ಕ ಆಗಲೇ ಓಡುತ್ತಿದ್ದಳು. ಕಾರಿಡಾರು. ಮೆಟ್ಟಿಲು. ವಾಚ್‌ಮನ್ನನ್ನು ತಳ್ಳಿದಳು. ಕೀಲಿ. ಕರ್... ಕರ್... ಬ್ಯಾಟರಿ ಸೋತಿತ್ತು. ಕರ್... "ಬಾ ತಾಯಿ. ಬಾರೇ." ಅವಳು ಬದುಕಿನಲ್ಲಿ ಮೊದಲ ಬಾರಿಗೆ ಒಂದು ಯಂತ್ರವನ್ನು ಬೇಡಿಕೊಂಡಳು. ಕರ್... ಹತ್ತಿತು.

ವಾರ್ಡಿನ ಕಿಟಕಿಯಿಂದ ಗುಬ್ಬಿಯ ಕೆಮ್ಮು ಕೇಳಿತು.

ಹಳೆಯ ಯಜಮಾನ ಫೋನ್ ಎತ್ತಿದೊಡನೆ, ಹಲೋ ಕೂಡ ಅನ್ನದೆ ಕೇಳಿದ: "ಬಿಚ್ಚಿದ್ರಾ?"

"ಮತ್ತೆ ಕಟ್ಟೋದು ಹೇಗೆ ಹೇಳಿ."

"ಕಟ್ಟಿದವರು ತೀರ್ಕೊಂಡ್ರು ಅಮ್ಮಾ. ಗಂಟು ಹಾಗೇ ಇದ್ರೆ ಇನ್ಯಾರಾದ್ರೂ..."

"ಕತ್ತರಿಸಿಬಿಟ್ಟೆ."

ಅವನು ನಿಧಾನವಾಗಿ, ಕೆಟ್ಟ ಸುದ್ದಿ ಹೇಳುವವರ ಮೆತ್ತನೆಯ ದನಿಯಲ್ಲಿ ಹೇಳಿದ: "ಅದು ಒಂದು ಸಲಕ್ಕೆ ಒಬ್ಬರನ್ನಷ್ಟೇ ಹಿಡಿಯೋದು. ಎಂಜಿನ್ ಓಡ್ತಿರುವಾಗ ಬೇರೆಯವರು ಆ ಮಂಚದ ಮೇಲೆ ನಿದ್ದೆ ಹೋದ್ರೆ ಮೊದಲಿನವರನ್ನ ಬಿಟ್ಟುಬಿಡುತ್ತೆ. ನಂಗೆ ಗೊತ್ತಿರೋದು ಇಷ್ಟೇ." ಫೋನ್ ಇಟ್ಟ. ಆಮೇಲೆ ಆ ನಂಬರು ಎಂದೂ ಹತ್ತಲಿಲ್ಲ.

ಅಕ್ಕ ಇದನ್ನು ಗುಬ್ಬಿಗೆ ಹೇಳಲಿಲ್ಲ. ಬೇರೆಯವರು ಅಂದರೆ ಯಾರು? ಯಾವ ತಾಯಿಯ ಮಗುವನ್ನು ಕರೆತಂದು, ಬಾ, ಇಲ್ಲಿ ಮಲಗು ಅನ್ನುವುದು? ದಾರಿ ಇನ್ನೊಂದಿರಬೇಕು. ಯಂತ್ರವಲ್ಲವೇ ಇದು. ಯಂತ್ರವನ್ನು ಚೆನ್ನಾಗಿ ನೋಡಿಕೊಂಡರೆ ಅದು ನಿಲ್ಲುವುದಿಲ್ಲ.

ಹೀಗೆ ಶುರುವಾಯಿತು ನಿಲ್ಲದ ಎಂಜಿನ್ನಿನ ಸೇವೆ.

ಪೆಟ್ರೋಲ್ ಬಂಕಿನಲ್ಲಿ ಎಂಜಿನ್ ಆಫ್ ಮಾಡದೆ ಯಾರೂ ಡೀಸೆಲ್ ಹಾಕುವುದಿಲ್ಲ. ಅಕ್ಕ ಗಾಡಿಯನ್ನು ದೂರ ನಿಲ್ಲಿಸಿ, ಕ್ಯಾನುಗಳಲ್ಲಿ ಹೊತ್ತು ತಂದು ಸುರಿದಳು. ಓಡುವ ಎಂಜಿನ್ನಿನ ಬಾಯಿ ಬಿಚ್ಚಿ ಎಣ್ಣೆ ತುಂಬುವಾಗ ಕುದಿಯುವ ಹನಿಗಳು ಸಿಡಿದು ಮುಂಗೈಯೆಲ್ಲ ಬೊಬ್ಬೆ. ಹಳೆಯ ಎಣ್ಣೆಯನ್ನು ಇಳಿಸುವಂತಿಲ್ಲ, ಇಳಿಸಬೇಕಾದರೆ ನಿಲ್ಲಿಸಬೇಕು. ಎಣ್ಣೆಯ ಫಿಲ್ಟರ್ ಬದಲಾಯಿಸುವಂತಿಲ್ಲ, ನಿಲ್ಲಿಸಬೇಕು. ಬೆಲ್ಟ್ ಕಿರುಚತೊಡಗಿದಾಗ ಅದರ ಪಕ್ಕದಲ್ಲೇ ಕೂತು ಕಿವಿಗೊಟ್ಟು ಕೇಳುವುದಷ್ಟೇ ಉಳಿದ ಕೆಲಸ. ಬಿಚ್ಚಿ, ತೊಳೆದು, ಬದಲಾಯಿಸಿ ನಂಬುತ್ತಿದ್ದವಳು ಈಗ ಏನನ್ನೂ ಬಿಚ್ಚಲಾಗದೆ, ಒಂದೊಂದು ಸದ್ದಿಗೂ ಬೆಚ್ಚುತ್ತ, ಡ್ರೈವರ್ ಸೀಟಿನಲ್ಲೇ ಕೂತು ತೂಕಡಿಸಿದಳು. ಮೀಟರಿನ ಮುಳ್ಳುಗಳ ಮೇಲಿನ ಕಣ್ಣು ಜಾರಿದರೆ ಗಾಬರಿಯಿಂದ ಎಚ್ಚರ. ಹಿಂದಿರುಗಿ ನೋಡಿದರೆ ಗುಬ್ಬಿಯ ಎದೆ ಎಂಜಿನ್ನಿನ ತಾಳಕ್ಕೇ ಏರಿಳಿಯುತ್ತಿರುತ್ತಿತ್ತು. ಎಂಜಿನ್ ತಡವರಿಸಿದರೆ ಅವಳಿಗೆ ಬಿಕ್ಕಳಿಕೆ. ಅಕ್ಕ ವೇಗ ಹೆಚ್ಚಿಸಿದರೆ ಅವಳಿಗೆ ಓಡಿದವಳಂತೆ ಏದುಸಿರು. ಅವಳ ಬಟ್ಟೆ, ಬೆವರು, ಕೂದಲು ಎಲ್ಲದರಲ್ಲೂ ಡೀಸೆಲ್ಲಿನ ವಾಸನೆ.

ಮಾತಿನ ಮಲ್ಲಿ ಗುಬ್ಬಿಗೆ ಈಗ ಒಂದು ಉಸಿರಿಗೆ ಅರ್ಧ ಮಾತು. ಆದರೂ ತಮಾಷೆ ಬಿಟ್ಟಿರಲಿಲ್ಲ.

"ಅಜ್ಜಿ ಹೇಳ್ತಿದ್ಳಲ್ಲ... ರಾಕ್ಷಸ ತನ್ನ ಜೀವಾನ... ಏಳು ಸಮುದ್ರದಾಚೆ ಗಿಳಿಯೊಳಗೆ ಇಟ್ಟಿದ್ದ ಅಂತ."

"ಹ್ಞೂಂ."

"ನನ್ನ ಗಿಳಿ ನೋಡು... ಹಣ್ಣು ತಿನ್ನಲ್ಲ. ಡೀಸೆಲ್ಲೇ ಬೇಕು."

ಅಕ್ಕ ನಗಲು ಹೋಗಿ ಅತ್ತಳು. ಗುಬ್ಬಿ ಅವಳ ಬೊಬ್ಬೆಯೆದ್ದ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು ಮುಲಾಮು ಹಚ್ಚಿದಳು. "ನೀನು ಬೇಕಂತ ಮಾಡಿದ್ದಲ್ಲ ಕಣೇ," ಎಂದಳು. ಅದಕ್ಕಿಂತ ಕೆನ್ನೆಗೆ ಒಂದು ಬಾರಿಸಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಆಮೇಲೆ ನೀಲಿ ಹೊಗೆ ಬಂತು. ಅದರ ಬೆನ್ನಿಗೇ ಒಂದು ಬೆಳಗ್ಗೆ ಎಂಜಿನ್ನಿನ ಆಳದಿಂದ ಹೊಸ ಸದ್ದು. ಟಕ್. ಟಕ್. ಟಕ್. ಒಳಗೆ ಯಾರೋ ಬೆರಳ ಗೆಣ್ಣಿನಿಂದ ಬಾಗಿಲು ಬಡಿದಂತೆ. ಗುಬ್ಬಿಯ ಎದೆಯೊಳಗೂ ಅದೇ ಸದ್ದು, ಕಿವಿಯಿಟ್ಟರೆ ಕೇಳಿಸುತ್ತಿತ್ತು.

ಅಕ್ಕ ಲಾರಿ ಡ್ರೈವರನಿಗೆ ಫೋನ್ ಮಾಡಿ, ಫೋನನ್ನು ಎಂಜಿನ್ನಿನ ಹತ್ತಿರ ಹಿಡಿದಳು.

"ಬೇರಿಂಗ್ ಹೋಗಿದೆ ತಾಯಿ. ಈಗಿಂದೀಗ್ಲೇ ಆಫ್ ಮಾಡು. ಇಲ್ಲಾಂದ್ರೆ ಎಂಜಿನ್ ಕಚ್ಚಿಕೊಂಡು ನಿಂತೋಗುತ್ತೆ. ಆಮೇಲೆ ತಲೆಕೆಳಗಾದ್ರೂ ಹತ್ತಲ್ಲ."

"ಎಷ್ಟು ಹೊತ್ತು ಓಡಬಹುದು?"

"ಸಂಜೆ ಕಾಣೋದು ಡೌಟು. ಆಫ್ ಮಾಡು ಅಂದ್ನಲ್ಲ. ಯಾಕೆ ತಾಯಿ, ಅಳ್ತಿದ್ದೀಯಾ?"

ಅವಳು ಫೋನ್ ಕೆಳಗಿಟ್ಟಳು. ರಸ್ತೆಯಿಂದ ಒಳಗೆ ಒಂದು ಹುಲ್ಲುಗಾವಲಿನಲ್ಲಿ ಗಾಡಿ ನಿಂತಿತ್ತು. ಕಿಟಕಿಯಾಚೆ ಬಿಸಿಲು ಬೆಳ್ಳಗೆ ಬಿದ್ದಿತ್ತು, ಪಾತರಗಿತ್ತಿಗಳು ಹಾರುತ್ತಿದ್ದವು. ಯಾರದೋ ಬೇರೆ ಲೋಕದಂತೆ. ಅಕ್ಕ ಮುಖ ತೊಳೆದುಕೊಂಡಳು. ಕನ್ನಡಿಯಲ್ಲಿ ನಗುವನ್ನು ಒಮ್ಮೆ ಹಾಕಿ ನೋಡಿದಳು. ಸರಿಯಾಗಿ ಕೂತಿತು.

"ಗುಬ್ಬಿ, ಪರಿಹಾರ ಸಿಕ್ತು ಕಣೇ! ಆ ಯಜಮಾನ ಫೋನ್ ಮಾಡಿದ್ದ. ನೀನು ಗಾಡಿ ಇಳಿದು ಆ ಮರದ ಹತ್ರ ಹೋಗಿ ಕೂತ್ಕೋ. ನಾನು ಮಂಚದ ಮೇಲೆ ಕಣ್ಣು ಮುಚ್ಚಿ ಮಲಗಿ ಮಂತ್ರ ಹೇಳ್ಬೇಕಂತೆ."

"ನೀನು? ಮಂತ್ರ?" ಗುಬ್ಬಿಗೆ ಅಷ್ಟರಲ್ಲೂ ನಗು. "ಪಾಪ... ಮಂತ್ರಕ್ಕೇ... ಹೆದರಿಕೆಯಾಗುತ್ತೆ."

"ನಗು, ನಗು. ಉಸಿರು ಸಡಿಲ ಆಯ್ತು, ನಂದೇ ಆಯ್ತು ಅನ್ನಿಸಿದ ಕೂಡಲೇ ಬಂದು ಎಂಜಿನ್ ಆಫ್ ಮಾಡ್ಬಿಡು. ಅಲ್ಲಿಗೆ ಮುಗೀತು. ಕಾಯ್ಬೇಡ. ನಾನು ನಿದ್ದೆ ಹೋಗಿದ್ರೂ ಎಬ್ಬಿಸ್ಬೇಡ."

"ಕೀಲಿ ಯಾವ ಕಡೆ... ತಿರುಗಿಸೋದು?"

"ನಿನ್ನ ಕಡೆಗೆ."

ಗುಬ್ಬಿ ಮೆಟ್ಟಿಲಿಳಿದು ನಿಂತು, ಒಮ್ಮೆ ಹಿಂತಿರುಗಿ ನೋಡಿದಳು. ಅಕ್ಕ ಪರದೆ ಎಳೆದುಬಿಟ್ಟಳು. ಗುಬ್ಬಿಯೇ ಹೊಲಿದ ಪರದೆ. ಕೋಣೆ ಕತ್ತಲಾಯಿತು.

ಹಾಸಿಗೆ ಬಿಸಿಯಾಗಿತ್ತು. ಬೆನ್ನ ಕೆಳಗೆ ಎಂಜಿನ್ ನಡುಗುತ್ತಿತ್ತು. ಟಕ್. ಟಕ್. ನಿದ್ದೆ ಬರುತ್ತದೋ ಇಲ್ಲವೋ ಎಂಬ ಚಿಂತೆಯೇ ಬೇಕಿರಲಿಲ್ಲ. ಇಷ್ಟು ದಿನದ ನಿದ್ದೆಯೆಲ್ಲ ಬಾಗಿಲ ಹೊರಗೇ ಕಾದಿತ್ತು. ಕಣ್ಣು ಮುಚ್ಚಿದ್ದೇ ತಡ, ಒಳಗೆ ಜಾರಿದಳು. ಅಲ್ಲಿ ಯಾರೋ ಹೆಂಗಸು ಪಕ್ಕಕ್ಕೆ ಜರುಗಿ ಜಾಗ ಕೊಟ್ಟಳು. ಆಮೇಲೆ ಬೆನ್ನಿನ ನಡುವಿನಿಂದ, ಹಾಸಿಗೆಯ ಮೂಲಕ, ಏನೋ ಒಂದು ಎಳೆ ಸರ್‍ರನೆ ಕೆಳಗೆ ಜಾರಿಹೋಯಿತು.

ಎಚ್ಚರವಾಯಿತು. ರೆಪ್ಪೆ ಏಳಲಿಲ್ಲ. ಎದೆ ತಾನಾಗಿ ಏರಿತು, ತಾನಾಗಿ ಇಳಿಯಿತು, ಎಂಜಿನ್ನಿನ ತಾಳಕ್ಕೆ. ಅದು ಅವಳದಾಗಿರಲಿಲ್ಲ.

ಹೊರಗೆ, ಹುಲ್ಲಿನ ಮೇಲೆ, ಗುಬ್ಬಿ ನಗುತ್ತಿದ್ದಳು. ಪೂರ್ತಿ ನಗು. ತಡೆಯಿಲ್ಲದ, ಮುರಿಯದ, ಉದ್ದನೆಯ ನಗು. "ಅಕ್ಕಾ! ಬಂತು ಕಣೇ! ಉಸಿರು ಬಂತು!" ಓಡಿಬರುವ ಹೆಜ್ಜೆ.

ಇದನ್ನೇ ಅವಳು ಬಯಸಿದ್ದು. ಇದಕ್ಕಾಗಿಯೇ ಮಲಗಿದ್ದು. ಹಾಗಿದ್ದೂ ಆ ಹೆಜ್ಜೆಗಳು ಹತ್ತಿರವಾದಂತೆ, ಅವಳೊಳಗೆ ಎಲ್ಲಿ ಅಡಗಿತ್ತೋ ಏನೋ, ಒಂದು ಭಯ ಹಲ್ಲು ಮಸೆದು ಎದ್ದು ನಿಂತಿತು. ಈಗಲೇ ಬೇಡ. ಸಂಜೆವರೆಗೆ ಇರಬಹುದಲ್ಲ. ಸ್ವಲ್ಪ ಹೊತ್ತು. ಒಂದೇ ಒಂದು ಸಲ ಅವಳ ಮುಖ ನೋಡುವಷ್ಟು ಹೊತ್ತು. ಬೇಡ ಗುಬ್ಬಿ. ನಾಲಿಗೆ ಹೊರಳಿತು. ತುಟಿ ಅಲುಗಿತು. ಬೇಡ. ದನಿ ಬಂತು. ಬಂದದ್ದು ಎಂಜಿನ್ನಿನ ಸದ್ದಿನ ಕೆಳಗೆ ಬಂತು. ಟಕ್ ಟಕ್ ಎನ್ನುವುದರ ನಡುವೆ ಸಣ್ಣ ಸುಯ್ಲು, ಅಷ್ಟೇ.

ಪರದೆ ಸರಿದ ಸದ್ದು. ಗುಬ್ಬಿಯ ಬೆವರಿನ, ಹುಲ್ಲಿನ, ಬಿಸಿಲಿನ ವಾಸನೆ.

"ಅಕ್ಕಾ, ಆಫ್ ಮಾಡ್ಲಾ?"

ಬೇಡ.

"ಅಕ್ಕಾ?"

ಬೇಡ. ಬೇಡ.

"ಅಯ್ಯೋ, ಮಲಗೇಬಿಟ್ಳು. ಎಷ್ಟು ದಿನ ಆಯ್ತೋ ಪಾಪ, ನೆಟ್ಟಗೆ ನಿದ್ದೆ ಮಾಡಿ." ಎರಡು ಕೈಗಳು ಹೊದಿಕೆಯನ್ನು ಮೆಲ್ಲಗೆ ಕತ್ತಿನವರೆಗೆ ಎಳೆದು, ಅಂಚನ್ನು ಮಡಚಿ ಸಿಕ್ಕಿಸಿದವು. ಹಣೆಯ ಮೇಲಿನ ಕೂದಲನ್ನು ಸರಿಸಿದವು. ಪರದೆ ಮತ್ತೆ ಮುಚ್ಚಿತು. ಹೆಜ್ಜೆಗಳು ಸದ್ದಾಗದಂತೆ, ಬೆರಳ ತುದಿಯಲ್ಲಿ, ಮುಂದಕ್ಕೆ ಹೋದವು. ಡ್ರೈವರ್ ಸೀಟು ಕಿರ್ ಎಂದಿತು.

"ನನ್ನ ಕಡೆಗೆ ಅಂದ್ಳಲ್ಲ," ಎಂದು ತನಗೆ ತಾನೇ ಗೊಣಗಿಕೊಂಡು ಗುಬ್ಬಿ ಕೀಲಿಯನ್ನು ಹಿಡಿದಳು.